ಪದಚರ್ಚೆ: ಲೈಟರಿಗೆ ‘ಚಕಮಕಿ’ ಅನ್ನುವ ಬಳಕೆ ನಿಮ್ಮ ಕಡೆಯೂ ಇದೆಯಾ?

ಎಲ್ಲರಿಗೂ ನಮಸ್ಕಾರ.

ನಾನು ಕಲಬುರಗಿಯವನು. ಹಳೇ ಸಿಗರೇಟ್ ಲೈಟರ್‌ಗಳನ್ನು ಕೂಡಿಡುತ್ತೇನೆ. ಸೇದುವ ಚಟ ಇಲ್ಲ, ಆ ವಸ್ತುವಿನ ಮೇಲೆ ಪ್ರೀತಿ ಅಷ್ಟೇ. ಈಗ ನಲವತ್ತರ ಹತ್ತಿರ ಆಗಿವೆ. ಒಂದೊಂದಕ್ಕೂ ಕನ್ನಡದಲ್ಲಿ ಚೀಟಿ ಬರೆದಿಡೋಣ ಅಂತ ಮೊನ್ನೆ ಕೂತೆ. ಮೊದಲನೇ ಚೀಟಿಯಲ್ಲೇ ಪೆನ್ನು ನಿಂತುಬಿಟ್ಟಿತು.

ಅದು ನಮ್ಮ ಮುತ್ಯಾನ (ಅಜ್ಜನ) ಲೈಟರ್. ಆಸ್ಟ್ರಿಯಾದ ಇಮ್ಕೋ, ಪೆಟ್ರೋಲ್ ಹಾಕುವಂಥದ್ದು. ಹೆಬ್ಬೆರಳಲ್ಲಿ ಒತ್ತಿದರೆ ಮುಚ್ಚಳ ತೆರೆಯುತ್ತದೆ, ಅದೇ ಏಟಿಗೆ ಚಕ್ರ ತಿರುಗಿ ಕಿಡಿ ಹಾರುತ್ತದೆ. ಒಳಗಿನ ಪೆಟ್ರೋಲ್ ಡಬ್ಬಿಯನ್ನು ಕೆಳಗಿಂದ ಎಳೆದು ತೆಗೆದರೆ ಬತ್ತಿ ಸಮೇತ ಹೊರಗೆ ಬಂದು, ಸಣ್ಣ ದೀಪದ ಹಾಗೆ ಉರಿಯುತ್ತದೆ. ಕರೆಂಟ್ ಹೋದಾಗ ಮುತ್ಯಾ ಹಾಗೇ ಹಿಡಿದುಕೊಂಡು ಲಾಟೀನು ಹುಡುಕುತ್ತಿದ್ದ. ಆದರೆ ಅವನ ಬಾಯಲ್ಲಿ ಒಂದು ದಿನವೂ ‘ಲೈಟರ್’ ಅನ್ನುವ ಮಾತು ಬರಲಿಲ್ಲ. “ತಮ್ಮಾ, ಆ ಚಕಮಕಿ ಇತ್ತಾಗ ಕೊಡು” ಅನ್ನುತ್ತಿದ್ದ.

ಚಿಕ್ಕವನಿದ್ದಾಗ ನನಗೆ ಇದು ವಿಚಿತ್ರ ಅನ್ನಿಸಿರಲಿಲ್ಲ. ಈಗ ಅನ್ನಿಸುತ್ತಿದೆ. ಯಾಕಂದರೆ ಇವತ್ತು ಚಕಮಕಿ ಅನ್ನುವ ಪದ ಪೇಪರಿನಲ್ಲಿ ಬಿಟ್ಟರೆ ಬೇರೆಲ್ಲೂ ಜಾಸ್ತಿ ಕಾಣುವುದಿಲ್ಲ. ಮಾತಿನ ಚಕಮಕಿ, ಗುಂಡಿನ ಚಕಮಕಿ, ಇಷ್ಟೇ. ಅದು ಉಕ್ಕಿಗೆ ಹೊಡೆದು ಕಿಡಿ ಎಬ್ಬಿಸುವ ಕಲ್ಲಿನ ಹೆಸರು ಅನ್ನೋದೇ ಎಷ್ಟೋ ಜನಕ್ಕೆ ಮರೆತುಹೋಗಿದೆ. ಥಳಥಳ, ಮಿಣಮಿಣ ಇದ್ದ ಹಾಗೆ ಇದೂ ಅನುಕರಣೆಯ ಪದ ಅಂತ ನಾನೂ ತುಂಬಾ ದಿನ ಅಂದುಕೊಂಡಿದ್ದೆ. ಅಲ್ಲ. ಮೂಲ ಟರ್ಕಿ ಭಾಷೆಯದು. ಅಲ್ಲಿ ‘ಚಕ್‌ಮಕ್’ ಅಂದರೆ ಹೊಡೆಯುವುದು, ಹೊಡೆದು ಕಿಡಿ ಎಬ್ಬಿಸುವುದು. ಅದು ಪಾರಸಿಗೆ ಹೋಗಿ, ಉರ್ದುವಿನಲ್ಲಿ ‘ಚಕ್ಮಾಕ್’ ಆಯಿತು. ಮರಾಠಿಯಲ್ಲಿ ‘ಚಕಮಕ’. ಮರಾಠಿಯಲ್ಲೂ ಕಲ್ಲಿಗೆ ಇದೇ ಪದ, ಸಣ್ಣ ಕಾಳಗಕ್ಕೂ ಇದೇ ಪದ. ತೆಲುಗಿನ ಚೆಕುಮುಕಿಯೂ ಇದರ ನೆಂಟನೇ. ನಮ್ಮ ಜಿಲ್ಲೆಗೆ ಒಂದು ಕಡೆ ಉರ್ದು, ಒಂದು ಕಡೆ ಮರಾಠಿ, ಇನ್ನೊಂದು ಕಡೆ ತೆಲುಗು. ಪದ ಯಾವ ಬಾಗಿಲಿನಿಂದ ಒಳಗೆ ಬಂದರೂ ಆಶ್ಚರ್ಯ ಇಲ್ಲ.

ನನಗೆ ತುಂಬಾ ಖುಷಿ ಕೊಟ್ಟ ಸಂಗತಿ ಇನ್ನೊಂದಿದೆ. ಟರ್ಕಿಯಲ್ಲಿ ಇವತ್ತಿಗೂ ಸಿಗರೇಟ್ ಲೈಟರಿಗೆ ಚಕ್‌ಮಕ್ ಅಂತಲೇ ಅನ್ನುತ್ತಾರೆ. ಕಲ್ಲಿಗೆ ಕಬ್ಬಿಣ ಹೊಡೆದು ಕಿಡಿ ಎಬ್ಬಿಸುತ್ತಿದ್ದ ಕಾಲದ ಹೆಸರನ್ನೇ ಹೊಸ ವಸ್ತುವಿಗೂ ಉಳಿಸಿಕೊಂಡರು. ಆಳಂದ ದಾಟಿ ಆಚೆ ಹೋಗದ ನಮ್ಮ ಮುತ್ಯಾ ಮಾಡಿದ್ದೂ ಅದನ್ನೇ, ಅಲ್ವಾ?

ಈಗ ನನ್ನ ಕಷ್ಟಕ್ಕೆ ಬರುತ್ತೇನೆ. ಲೈಟರಿನ ಒಳಗೆ ಸವೆಯುವ ಆ ಸಣ್ಣ ತುಂಡಿದೆಯಲ್ಲ, ಅಕ್ಕಿ ಕಾಳಿನಷ್ಟು ಉದ್ದ, ಅದಕ್ಕಿಂತ ಸ್ವಲ್ಪ ದಪ್ಪ, ಅದಕ್ಕೆ ಏನು ಬರೆಯಲಿ? ಅಂಗಡಿಯಲ್ಲಿ ‘ಲೈಟರ್ ಕಲ್ಲು’ ಅಂತಾರೆ. ಆದರೆ ಅದು ಕಲ್ಲೇ ಅಲ್ಲ, ಲೋಹ. ಆಸ್ಟ್ರಿಯಾದ ಕಾರ್ಲ್ ಆವರ್ ಫಾನ್ ವೆಲ್ಸ್‌ಬಾಖ್ ಅನ್ನುವವರು 1903ರಲ್ಲಿ ಪೇಟೆಂಟ್ ಪಡೆದ ಮಿಶ್ರಲೋಹ, ಫೆರೋಸೀರಿಯಂ. ಸೀರಿಯಂ ಮತ್ತು ಕಬ್ಬಿಣ ಅದರಲ್ಲಿ ಮುಖ್ಯ. (ನಮ್ಮ ಮದುವೆ, ಜಾತ್ರೆಗಳಲ್ಲಿ ಉರಿಯುತ್ತಿದ್ದ ಗ್ಯಾಸ್‌ಬತ್ತಿಯ ಮ್ಯಾಂಟಲ್ ಇತ್ತಲ್ಲ, ಆ ಮ್ಯಾಂಟಲ್ ಕಂಡುಹಿಡಿದವರೂ ಇವರೇ.)

ವ್ಯತ್ಯಾಸ ಬರೀ ಹೆಸರಿನದಲ್ಲ. ಹಳೇ ಚಕಮಕಿಯಲ್ಲಿ ಗಟ್ಟಿ ಕಲ್ಲು ಉಕ್ಕಿನ ತುಣುಕನ್ನು ಹೆರೆಯುತ್ತದೆ. ಹೆರೆದ ಉಕ್ಕಿನ ಪುಡಿಯೇ ಕಾದು ಕಿಡಿಯಾಗಿ ಹಾರುತ್ತದೆ. ಲೈಟರಿನಲ್ಲಿ ಇದು ಉಲ್ಟಾ. ಉಕ್ಕಿನ ಚಕ್ರ ಆ ‘ಕಲ್ಲನ್ನು’ ಹೆರೆಯುತ್ತದೆ, ಉರಿಯುವುದು ‘ಕಲ್ಲಿನ’ ಪುಡಿ. ಮುತ್ಯಾನ ಇಮ್ಕೋ ಬಿಚ್ಚಿದಾಗ ನೋಡಿದೆ: ಚಕ್ರದ ಹಲ್ಲು ಇನ್ನೂ ಬೆರಳಿಗೆ ಚುಚ್ಚುವ ಹಾಗಿತ್ತು. ಕಲ್ಲು ಮಾತ್ರ ಸಾಸಿವೆಯಷ್ಟಾಗಿತ್ತು, ಒಂದು ಮಗ್ಗುಲು ಚಕ್ರದ ದುಂಡಿಗೆ ಸರಿಯಾಗಿ ಕೊರೆದುಹೋಗಿತ್ತು. ಅದರ ಹಿಂದೆ ಸ್ಪ್ರಿಂಗು ಪೂರ್ತಿ ಬಿಚ್ಚಿಕೊಂಡು ನಿಂತಿತ್ತು. ಹೊಸ ಕಲ್ಲು ಹಾಕಬೇಕು ಅಂತ ಸೂಪರ್ ಮಾರ್ಕೆಟ್ ಕಡೆ ಹೋಗಿ ಕೇಳಿದರೆ, ಅಂಗಡಿಯವರು ಒಲೆ ಹೊತ್ತಿಸುವ ಗ್ಯಾಸ್ ಲೈಟರ್ ತೆಗೆದು ಮುಂದಿಟ್ಟರು. ತಪ್ಪು ಅವರದಲ್ಲ. ಈಗ ಲೈಟರ್ ಅಂದರೆ ಅಡುಗೆಮನೆಯದೇ.

ಆ ಗ್ಯಾಸ್ ಲೈಟರಿನಲ್ಲಿ ಕಲ್ಲೂ ಇಲ್ಲ, ಚಕ್ರವೂ ಇಲ್ಲ. ಸ್ಪ್ರಿಂಗಿನ ಸುತ್ತಿಗೆ ಒಂದು ಹರಳಿಗೆ ಬಡಿದರೆ ವಿದ್ಯುತ್ ಹುಟ್ಟಿ ಕಿಡಿ ಬರುತ್ತದೆ. ಆದರೂ ನೋಡಿ, ಅಲ್ಲೂ ಹೊಡೆಯುವ ಕೆಲಸವೇ. ಕಡ್ಡಿ ಗೀರುತ್ತೇವೆ, ಚಕಮಕಿ ಹೊಡೆಯುತ್ತೇವೆ. ಈ ಎರಡು ಕ್ರಿಯಾಪದಗಳನ್ನು ನಮ್ಮ ಹಿರಿಯರು ಎಷ್ಟು ಸರಿಯಾಗಿ ಬೇರೆ ಇಟ್ಟಿದ್ದರು!

ಎಲ್ಲ ಲೈಟರಿಗೂ ಚಕಮಕಿ ಅನ್ನಬಹುದಾ ಅಂದರೆ, ಇಲ್ಲ. 1823ರಲ್ಲಿ ಜರ್ಮನಿಯ ಡೋಬರೈನರ್ ಮಾಡಿದ ದೀಪ ಲೈಟರುಗಳ ಹಿರಿಯಣ್ಣ. ಇಂಗ್ಲೆಂಡಿನಲ್ಲಿ ಜಾನ್ ವಾಕರ್ ಗೀರುವ ಕಡ್ಡಿ ಮಾರಿದ್ದು 1827ರಲ್ಲಿ, ಅಂದರೆ ಲೈಟರೇ ಮೊದಲು. ಆದರೆ ಅದರಲ್ಲಿ ಹೊಡೆತವೇ ಇಲ್ಲ. ಸತುವಿಗೆ ಗಂಧಕಾಮ್ಲ ತಾಗಿಸಿ ಹೈಡ್ರೋಜನ್ ಬರಿಸಿ, ಅದನ್ನು ಪ್ಲಾಟಿನಂ ಮೇಲೆ ಬಿಟ್ಟರೆ ತಾನೇ ಹೊತ್ತಿಕೊಳ್ಳುತ್ತದೆ. ಇದಕ್ಕೆ ಬೇರೆ ಪದವೇ ಬೇಕು. ಚಕ್ರ ಇರುವ ಝಿಪ್ಪೋ, ರಾನ್ಸನ್, ಇಮ್ಕೋಗಳಿಗೆ ಮಾತ್ರ ಚಕಮಕಿ ಚೆನ್ನಾಗಿ ಒಪ್ಪುತ್ತದೆ ಅಂತ ನನ್ನ ಅಭಿಪ್ರಾಯ. ‘ಅಗ್ನಿಜನಕ’ ಥರದ ಪದ ಕಟ್ಟುವುದು ನನಗೆ ಇಷ್ಟ ಇಲ್ಲ. ಮನೆಯಲ್ಲೇ ಪದ ಇರುವಾಗ ಹೊರಗೆ ಯಾಕೆ ಹುಡುಕಬೇಕು?

‘ಕಲ್ಲು’ ಅನ್ನುವುದನ್ನೂ ಹಾಗೇ ಬಿಡೋಣ ಅಂತ ಮನಸ್ಸು ಹೇಳುತ್ತದೆ. ಸೀಸ ಇಲ್ಲದಿದ್ದರೂ ಸೀಸದಕಡ್ಡಿ ಅನ್ನುತ್ತಲೇ ಇದ್ದೇವಲ್ಲ. ಆದರೆ ಚೀಟಿ ಓದುವ ಮಕ್ಕಳು ನಿಜವಾದ ಕಲ್ಲು ಅಂದುಕೊಂಡರೆ ಅನ್ನುವ ಅಳುಕೂ ಇದೆ. ‘ಕಿಡಿಕಲ್ಲು’ ಅಂದರೆ ಹೇಗೆ?

ಬೀದರ್, ಯಾದಗಿರಿ ಕಡೆಯವರು ದಯವಿಟ್ಟು ಮನೆಯ ಹಿರಿಯರನ್ನು ಒಮ್ಮೆ ಕೇಳಿ. ಲೈಟರಿಗೆ ಅವರು ಏನು ಅನ್ನುತ್ತಿದ್ದರು? ಶಹಾಪುರ, ಸುರಪುರ ಕಡೆ ಕುರಿ ಕಾಯುತ್ತಿದ್ದವರ ಮನೆಗಳಲ್ಲಿ ಕಲ್ಲು, ಉಕ್ಕು, ಹತ್ತಿ ಇಟ್ಟ ಹಳೇ ಸಂಚಿ ಇನ್ನೂ ಇದ್ದರೆ, ಅದರ ಒಂದೊಂದು ಸಾಮಾನಿನ ಹೆಸರನ್ನೂ ಅವರು ಹೇಳಿದ ಹಾಗೇ ಬರೆದು ಕಳಿಸಿ. ಮುಖ್ಯವಾಗಿ ಕಿಡಿ ಹಿಡಿಯುವ ಆ ಕರಿ ಹತ್ತಿಗೆ ಏನು ಹೆಸರು ಅಂತ ನನಗೆ ಬೇಕು. ಮುತ್ಯಾ ಇದ್ದಾಗ ಅದೊಂದನ್ನು ಕೇಳಲಿಲ್ಲ.