ಒಣದ್ರಾಕ್ಷಿ ದಾಸ್ತಾನಿನ ಜೇಸನ್ ಫೈಲಿನಿಂದ ಬೇಕಾದಷ್ಟನ್ನೇ ತೆಗೆಯುವುದು ಹೇಗೆ?

ಪ್ರಶ್ನೆ, ವಿಜಯಪುರದಿಂದ: ನಮ್ಮ ಕೋಲ್ಡ್ ಸ್ಟೋರೇಜಿನ ಒಣದ್ರಾಕ್ಷಿ ದಾಸ್ತಾನು ಒಂದೇ ಜೇಸನ್ (JSON, ಮಾಹಿತಿಯನ್ನು ಪಠ್ಯವಾಗಿ ಬರೆದಿಡುವ ವಿಧಾನ) ಫೈಲಿನಲ್ಲಿ ಬರುತ್ತದೆ; ಅದನ್ನು ಬ್ರೌಸರಿನಲ್ಲಿ ಜಾವಾಸ್ಕ್ರಿಪ್ಟ್‌ನಿಂದ ಓದುತ್ತೇನೆ. 20,000 ಲಾಟುಗಳು, ಪ್ರತಿಯೊಂದಕ್ಕೂ 30 ಅಂಶಗಳು. ನನಗೆ ಬೇಕಾದದ್ದು ಲಾಟ್ ಸಂಖ್ಯೆ, ತೂಕ ಮತ್ತು ಬೆಳೆಗಾರರ ಕೋಡ್ ಮಾತ್ರ. ಅದನ್ನು 5,000 ಬೆಳೆಗಾರರ ದರಪಟ್ಟಿಯೊಂದಿಗೆ ಹೊಂದಿಸುವಾಗ ಬ್ರೌಸರ್ ನಿಂತೇಬಿಡುತ್ತದೆ. ಪಾರ್ಸ್ ಮಾಡುವಾಗಲೇ, ಅಂದರೆ ಆ ಪಠ್ಯವನ್ನು ಪ್ರೋಗ್ರಾಮ್ ಬಳಸುವ ಡೇಟಾ ಆಗಿ ಬದಲಿಸುವಾಗಲೇ, ಉಳಿದದ್ದನ್ನು ಬಿಡಲು ಬರುತ್ತದೆಯೇ?

ಇಳಕಲ್‌ನಿಂದ: ಸೀರೆ ಮಗ್ಗಗಳ ಲೆಕ್ಕ ಬರೆಯುವಾಗ ನಾನೂ ಮೊದಲು ಪಾರ್ಸ್ ಮೇಲೆಯೇ ಅನುಮಾನಪಟ್ಟಿದ್ದೆ. ಸಮಯ ಅಳೆಯುವ ಕನ್ಸೋಲ್ ಟೈಮ್ (console.time) ಹಾಕಿ ನೋಡಿದಾಗ ಹೊತ್ತೆಲ್ಲ ಹೋಗುತ್ತಿದ್ದುದು ಲೂಪಿನೊಳಗೆ ಬರೆದಿದ್ದ, ಪಟ್ಟಿಯಲ್ಲಿ ಒಂದೊಂದಾಗಿ ಹುಡುಕುವ ಫೈಂಡ್‌ನಲ್ಲಿ (find) ಎಂಬುದು ತಿಳಿಯಿತು. ನಿಮ್ಮಲ್ಲಿಯೂ ಹಾಗೆಯೇ ಇದ್ದರೆ ಪ್ರತಿ ಲಾಟಿಗೂ ದರಪಟ್ಟಿಯನ್ನು ಮೊದಲಿನಿಂದ ಹುಡುಕಬೇಕಾಗಿ, ಹೋಲಿಕೆಗಳು 10 ಕೋಟಿಯವರೆಗೆ ಏರಬಹುದು. ದರಪಟ್ಟಿಯನ್ನು ಒಮ್ಮೆ ಮಾತ್ರ ಓದಿ, ಬೆಳೆಗಾರರ ಕೋಡನ್ನು ಕೀ ಆಗಿಟ್ಟು ಕೀ ಕೊಟ್ಟರೆ ಅದರ ಬೆಲೆಯನ್ನು ನೇರವಾಗಿ ಕೊಡುವ ಒಂದು ಮ್ಯಾಪ್ (Map) ಆಬ್ಜೆಕ್ಟ್ ಕಟ್ಟಿಕೊಳ್ಳಿ. ಆಮೇಲೆ ಲಾಟುಗಳ ಮೇಲೆ ಒಂದೇ ಸುತ್ತು ಹೋಗಿ, ಡಿಸ್ಟ್ರಕ್ಚರಿಂಗ್‌ನಿಂದ (ಬೇಕಾದ ಅಂಶಗಳನ್ನಷ್ಟೇ ಹೆಸರಿಸಿ ತೆಗೆದುಕೊಳ್ಳುವ ಬರಹ) ಮೂರು ಅಂಶಗಳನ್ನು ಬಿಡಿಸಿಕೊಂಡು, ಮ್ಯಾಪಿನ ಗೆಟ್ (get) ಮೂಲಕ ದರವನ್ನು ಸೇರಿಸಿ. ಅರೇಗಳ, ಅಂದರೆ ಪಟ್ಟಿಗಳ, ಮ್ಯಾಪ್ ಮೆಥಡ್ ಬೇರೆ, ಈ ಮ್ಯಾಪ್ ಬೇರೆ. ಹೆಸರು ಒಂದೇ ಆಗಿರುವುದರಿಂದ ನಾನು ಒಂದು ದಿನ ದಾರಿ ತಪ್ಪಿದ್ದೆ.

ಬೆಳಗಾವಿಯಿಂದ: ಪಾರ್ಸ್‌ಗೆ ಎರಡನೆಯ ಆರ್ಗ್ಯುಮೆಂಟಾಗಿ ಕೊಡುವ ರಿವೈವರ್ ಫಂಕ್ಷನ್ನಿನಿಂದ ಬೇಡದ್ದನ್ನು ಬಿಡಬಹುದು ನಿಜ, ಆದರೆ ಅದರಿಂದ ವೇಗ ಹೆಚ್ಚುವುದಿಲ್ಲ. ಮೊದಲು ಪಠ್ಯವೆಲ್ಲ ಪೂರ್ತಿ ಪಾರ್ಸ್ ಆಗಿ, ನಂತರ ಒಳಗಿನಿಂದ ಹೊರಕ್ಕೆ ಪ್ರತಿಯೊಂದು ಮೌಲ್ಯಕ್ಕೂ ಆ ಫಂಕ್ಷನ್ ಕರೆಯಲ್ಪಡುತ್ತದೆ; ನಿಮ್ಮ ಫೈಲಿಗೆ ಅದು 6 ಲಕ್ಷಕ್ಕೂ ಹೆಚ್ಚು ಕರೆಗಳು. ಇನ್ನೊಂದು ಮಾತು: ದರ ಇಲ್ಲದಿದ್ದರೆ ಹಳೆಯ ದರ ಹಾಕಲೆಂದು ನಾನು ಎರಡು ಕಡ್ಡಿಗಳ ಆರ್ ಚಿಹ್ನೆ (||) ಬಳಸಿದ್ದೆ; ಅದು 0 ಅನ್ನೂ ಇಲ್ಲದ್ದೆಂದೇ ಎಣಿಸುತ್ತದೆ. ದರ 0 ಎಂದು ನಮೂದಾಗಿದ್ದ ಮಾದರಿ ಪೊಟ್ಟಣಗಳಿಗೂ ಹಳೆಯ ದರ ಬಿದ್ದು, ವ್ಯಾಪಾರಿಯೊಬ್ಬರು ಬಿಲ್ ಹಿಡಿದುಕೊಂಡು ಬಂದರು. 2020ರಲ್ಲಿ ಜಾವಾಸ್ಕ್ರಿಪ್ಟ್ ಭಾಷೆಗೆ ಸೇರಿದ ಎರಡು ಪ್ರಶ್ನಾರ್ಥಕ ಚಿಹ್ನೆಗಳ ಆಪರೇಟರ್ (??) ಬಳಸಿದರೆ 0 ಹಾಗೆಯೇ ಉಳಿಯುತ್ತದೆ.

ಜಮಖಂಡಿಯಿಂದ: ಲಾಟ್ ಸಂಖ್ಯೆ ಎಷ್ಟು ಅಂಕಿಯದು ಎಂದು ನೋಡಿಕೊಳ್ಳಿ. ಉದ್ಧರಣ ಚಿಹ್ನೆ ಇಲ್ಲದೆ 9007199254740993 ಎಂದು ಬಂದದ್ದು ಜಾವಾಸ್ಕ್ರಿಪ್ಟಿನ ಸಂಖ್ಯೆಯಲ್ಲಿ ನಿಖರವಾಗಿ ಹಿಡಿಸದೆ, ಪಾರ್ಸ್ ಆದ ಮೇಲೆ 9007199254740992 ಆಗಿರುತ್ತದೆ, ಯಾವ ಎಚ್ಚರಿಕೆಯೂ ಬರುವುದಿಲ್ಲ.

ವಿಜಯಪುರದಿಂದ ಮತ್ತೆ: ಫೈಂಡ್ ಲೂಪಿನೊಳಗೇ ಇತ್ತು. ಮ್ಯಾಪ್ ಕಟ್ಟಿದ ಮೇಲೆ ಬ್ರೌಸರ್ ನಿಲ್ಲುತ್ತಿಲ್ಲ. ನಮ್ಮ ಲಾಟ್ ಸಂಖ್ಯೆಗಳು 18 ಅಂಕಿಯವು. ಫೈಲ್ ಕಳಿಸುವವರಿಗೆ ಅವುಗಳನ್ನು ಸ್ಟ್ರಿಂಗ್ ಆಗಿಯೇ, ಅಂದರೆ ಉದ್ಧರಣ ಚಿಹ್ನೆಯೊಳಗಿನ ಪಠ್ಯವಾಗಿಯೇ, ಕಳಿಸಲು ಈಗಷ್ಟೇ ಬರೆದಿದ್ದೇನೆ.