ಬೆಟ್ಟಿ ವಿನ್ಸನ್ ವಿಷ್ಯಕ್ಕೆ ಬಿಕಾಂ ಗ್ರೂಪಲ್ಲಿ ಜಟಾಪಟಿ

ಗಿರೀಶ: ಮೇಲೆ ಹಾಕಿರೋ ಫಾರ್ವರ್ಡ್ ಓದಿದ್ರಾ? ಅಮೆರಿಕದ ಟೆಲಿಕಾಂ ಕಂಪನಿ ವರ್ಲ್ಡ್‌ಕಾಂ ಅಕೌಂಟ್ಸ್‌ನಲ್ಲಿದ್ದ ಬೆಟ್ಟಿ ವಿನ್ಸನ್. ಚಿಕ್ಕ ಮಗಳಿದ್ದ ಹೆಂಗಸು, ಮೇಲಿನವ್ರು ಹೇಳಿದ್ರು ಅಂತ ಸುಳ್ಳು ಎಂಟ್ರಿ ಹಾಕಿ ಜೈಲಿಗೆ ಹೋದ್ಲು. ಪಾಪ ಅನ್ನಿಸ್ತು

ಮಂಜುಳಾ: ಪಾಪ ಏನ್ ಬಂತೋ ಗಿರಿ. 2000ದ ಅಕ್ಟೋಬರಲ್ಲಿ ಒಂದೇ ಏಟಿಗೆ 82.8 ಕೋಟಿ ಡಾಲರ್ ಲೈನ್ ಕಾಸ್ಟ್ ಕಮ್ಮಿ ತೋರ್ಸಿದ್ದು. ಬೇರೆ ಕಂಪನಿ ನೆಟ್‌ವರ್ಕ್ ಬಳಸಿದ್ದಕ್ಕೆ ಕೊಡೋ ದುಡ್ಡದು, ಪಕ್ಕಾ ಖರ್ಚು, ಮೊದ್ಲು ಮುಂದಿನ ಖರ್ಚಿಗೆ ಅಂತ ಲೆಕ್ಕದಲ್ಲಿ ಎತ್ತಿಟ್ಟಿದ್ದ ರಿಸರ್ವ್‌ನಿಂದ ಮುಚ್ಚಿದ್ರು, ಅದೂ ಸಾಲ್ದೇ 2001ರಲ್ಲಿ ಅದೇ ಖರ್ಚನ್ನ ಆಸ್ತಿ ಅಂತ ಬರೆದ್ರು. ಆಸ್ತಿಗೆ ಹಾಕೋ ಕ್ಯಾಪಿಟಲ್ ಖರ್ಚು ಯಾವ್ದು, ದಿನನಿತ್ಯದ ರೆವಿನ್ಯೂ ಖರ್ಚು ಯಾವ್ದು ಅಂತ ಫಸ್ಟ್ ಇಯರಲ್ಲೇ ನಮ್ಗೆ ಹೇಳ್ಕೊಟ್ಟಿರ್ಲಿಲ್ವಾ

ಶೋಭಾ: ಗೊತ್ತಿಲ್ದೆ ಮಾಡಿದ್ಲು ಅಂತ ಯಾರಂದ್ರು? ರಾಜೀನಾಮೆ ಕೊಡಕ್ಕೇ ಹೊರಟಿದ್ಲು ಕಣೇ. ಕಂಪನಿಯ ಹಣಕಾಸು ಮುಖ್ಯಸ್ಥ, ಸಿಎಫ್ಓ ಸಲ್ಲಿವನ್ ಕೂರಿಸ್ಕೊಂಡು, ವಿಮಾನ ಎಲ್ಲಾ ಗಾಳೀಲಿದೆ, ಇಳಿಸ್ಬಿಡೋಣ, ಆಮೇಲೆ ಬೇಕಾದ್ರೆ ಹೋಗಿ ಅಂದ. ಗಂಡನಿಗಿಂತ ಇವಳ ಸಂಬಳ ಜಾಸ್ತಿ. ಬಿಟ್ಟು ಮನೇಲಿ ಏನಂತ ಹೇಳೋದು

ಬಸವರಾಜ: ಶುಭೋದಯ ಗೆಳೆಯರೇ

ಗಿರೀಶ: ರಾತ್ರಿ ಹತ್ತೂವರೆ ಮಾರಾಯ

ಮಂಜುಳಾ: ಅದೇ ಕಂಪನೀಲಿ ಸಿಂಥಿಯಾ ಕೂಪರ್ ಇದ್ಲಲ್ಲ. ಅವಳೂ ಅಮ್ಮನೇ, ಅವಳ ದುಡಿಮೆ ಮೇಲೇ ಮನೆ, ಗಂಡ ಮಕ್ಕಳನ್ನ ನೋಡ್ಕೊಂಡಿದ್ದ. ರಾತ್ರಿ ಕೂತು ಲೆಕ್ಕ ಜಾಲಾಡಿ 2002ರಲ್ಲಿ 380 ಕೋಟಿ ಡಾಲರ್ ಗೋಲ್‌ಮಾಲ್ ಹೊರಗೆಳೆದ್ಲು

ಶೋಭಾ: ಅವಳು ಇಂಟರ್ನಲ್ ಆಡಿಟ್. ಹಿಡಿಯೋದೇ ಅವಳ ಕೆಲಸ, ತಟ್ಟಕ್ಕೆ ಬೋರ್ಡಿನ ಆಡಿಟ್ ಕಮಿಟಿ ಬಾಗಿಲಿತ್ತು. ನೀನೂ ಆಡಿಟರೇ ಅಲ್ವಾ, ಎಲ್ಲಾ ಮುಗಿದ್ಮೇಲೆ ಬಂದು ಪ್ರಶ್ನೆ ಕೇಳೋಳು. ನಾವು ಕ್ಲೋಸಿಂಗ್ ದಿನ ಬಾಸ್ ಕುರ್ಚಿ ಹಿಂದೆ ನಿಂತಿರುವಾಗ ಟೈಪ್ ಮಾಡೋರು

ಮಂಜುಳಾ: ಸರಿ ನನ್ನನ್ನೇ ಬೈಕೋ. ಇವಳು ಆಗಲ್ಲ ಅಂದಿದ್ರೆ ಶುರುವಲ್ಲೇ ನಿಲ್ಲೋ ಸಾಧ್ಯತೆ ಇತ್ತು ಅಂತ ಜಡ್ಜೇ ಹೇಳಿದ್ದಾರೆ ತಾಯಿ

ಗಿರೀಶ: ಕೊನೆಗೆ 5 ತಿಂಗಳು ಜೈಲು, 5 ತಿಂಗಳು ಗೃಹಬಂಧನ. ಸಿಇಓ ಎಬ್ಬರ್ಸ್‌ಗೆ 25 ವರ್ಷ ಬಿತ್ತು ಒಪ್ಪಿದೆ, ಆದ್ರೆ ಎಲ್ಲಾ ಮಾಡಿಸಿದ ಸಲ್ಲಿವನ್ ಸಾಕ್ಷಿ ಹೇಳಿ ಬರೀ 5 ವರ್ಷಕ್ಕೆ ಪಾರಾದ

ಮಂಜುಳಾ: ಆ ಲೆಕ್ಕದಲ್ಲಿ ಇವಳದ್ದು ಅಗ್ಗವೇ ಆಯ್ತು ಬಿಡು

ಶೋಭಾ: ಅಗ್ಗ ಅಂತೆ. ಒಂದ್ ವಿಷ್ಯ ಹೇಳ್ತೀನಿ, ಯಾರೂ ಸ್ಕ್ರೀನ್‌ಶಾಟ್ ತೆಗೀಬೇಡಿ. ಹಿಂದಿನ ಕಂಪನೀಲಿ ಮಾರ್ಚ್ 31, ಬಿಲ್ ಇನ್ನೂ ಬಂದಿರದ ಖರ್ಚಿಗೆ ಪ್ರೊವಿಷನ್ ಹಾಕಿದ್ದೆ, ಅಂದ್ರೆ ಅಂದಾಜು ಮೊತ್ತ ಆ ವರ್ಷದ ಖರ್ಚಿಗೇ ಸೇರಿಸಿದ್ದೆ, ಲಾಭ ಬೀಳತ್ತೆ ತೆಗೀರಿ, ಏಪ್ರಿಲಲ್ಲಿ ಹಾಕೋಣ ಅಂದ್ರು. ಒಂದು ಮೇಲ್ ಹಾಕಿ ಸಾರ್ ಅಂದೆ. ಮೇಲ್ ಬರ್ಲಿಲ್ಲ, ಫೋನ್ ಬಂತು, ಅದು ಇಡೋಷ್ಟರಲ್ಲಿ ಮನೆಯಿಂದ ಇನ್ನೊಂದು, ಮಗಳಿಗೆ ಜ್ವರ, ಅಮ್ಮ ಎಷ್ಟೊತ್ತಿಗೆ ಬರ್ತೀಯ ಅಂತ. ಎಂಟ್ರಿ ಕೆಳಗೆ ವಿವರಣೆ ಬರೆಯೋ ನರೇಶನ್‌ನಲ್ಲಿ ಸಾರ್ ಹೇಳಿದಂತೆ ಅಂತ ಟೈಪ್ ಮಾಡ್ದೆ, ಅದನ್ನೂ ಅಳಿಸ್ದೆ, ಸೇವ್ ಒತ್ತಿ ಬ್ಯಾಗ್ ತಗೊಂಡು ಓಡ್ದೆ. ಇವತ್ತಿಗೂ ಆ ಲಾಗ್ ತೆಗೆದ್ರೆ ಇರೋದು ನನ್ನ ಐಡಿ ಒಂದೇ

ಮಂಜುಳಾ: ಈ ಮೆಸೇಜ್ ಅಳಿಸಲಾಗಿದೆ

ಗಿರೀಶ: ಅಯ್ಯೋ ಶೋಭಾ

ಮಂಜುಳಾ: ಏಪ್ರಿಲಲ್ಲಿ ಹಾಕಿದ್ಯಾ?

ಶೋಭಾ: ಮುಂದಿನ ಕ್ವಾರ್ಟರ್ ನೋಡೋಣ ಅಂದ್ರು