ಅರ್ಧ ಕಪ್ಪು ಗಾಜು

"ಎಲ್ಲಿ, ಮುರುಡೇಶ್ವರದ ಫೋಟೋ ತೋರಿಸು," ಅಂದರು ಮಂಜೇಗೌಡ್ರು.

ಶೀನ ಫೋಟೋಗಿಂತ ಮೊದಲು ಗಾಜು ತೆಗೆದ. ಚೌಕದ ಗಾಜು, ಮೇಲರ್ಧ ಕಪ್ಪು, ಕೆಳಗರ್ಧ ತಿಳಿ.

"ಗ್ರ್ಯಾಜುಯೇಟೆಡ್ ಫಿಲ್ಟರ್."

"ಎಷ್ಟಾಯ್ತು?"

"ಹೋಲ್ಡರ್ ಸೇರಿ... ಒಂದು ಮೂಟೆ ಕಾಫಿ ಅಂದ್ಕೊಳ್ಳಿ."

ಗೌಡ್ರು ಲೋಟ ಕೆಳಗಿಟ್ಟರು.

"ಸಂಜೆ ಹೊತ್ತು ಆಕಾಶ ಬೆಳ್ಳಗೆ, ಮರಳು ಕಪ್ಪಗೆ. ಎರಡನ್ನೂ ಒಟ್ಟಿಗೆ ಹಿಡಿಯೋದು ಕ್ಯಾಮೆರಾ ಕೈಲಾಗಲ್ಲ. ಕಪ್ಪು ಭಾಗ ಆಕಾಶಕ್ಕೆ ಕೂರಿಸಿದ್ರೆ ಅಲ್ಲಿನ ಬೆಳಕು ಎಂಟರಲ್ಲೊಂದು ಪಾಲಾಗುತ್ತೆ. ಮೂರು ಸ್ಟಾಪ್, ಅಂದ್ರೆ ಮೂರು ಸಲ ಅರ್ಧರ್ಧ."

"ನಮ್ಮ ಕಣ್ಣು ಬಿಟ್ಟಿ ಮಾಡೋ ಕೆಲಸ ಅದು," ಅಂದ ಸುಬ್ಬಣ್ಣ.

"ಕಣ್ಣಲ್ಲಿ ನೋಡಿದ್ದನ್ನ ಸ್ಟೇಟಸ್‌ಗೆ ಹಾಕೋಕಾಗುತ್ತಾ?"

"ಹಾಗೆ ಹೇಳು ಮತ್ತೆ."

"ನಮ್ಮ ಹುಡುಗನ ಫೋನು ನಾಲ್ಕಾರು ಫೋಟೋ ಹೊಡೆದು ತಾನೇ ಬೆರೆಸುತ್ತಪ್ಪ," ಅಂದರು ಗೌಡ್ರು.

"ಅಷ್ಟರಲ್ಲಿ ಅಲೆ ಮುಂದಕ್ಕೆ ಹೋಗಿರುತ್ತೆ ಗೌಡ್ರೆ! ಒಂದೇ ಏಟಿಗೆ ಹಿಡೀಬೇಕು ಅಂತಾನೇ ಗಾಜು." ಇದು ನಿಜವೇ. ಶೀನನ ಮಾತಿನಲ್ಲಿ ಆಗಾಗ ನಿಜವೂ ಇರುತ್ತದೆ.

ಕೊನೆಗೆ ಫೋಟೋ ಬಂತು. ಕಡಲು ಚೆನ್ನಾಗಿತ್ತು. 123 ಅಡಿಯ ಶಿವ ಮಾತ್ರ ಎದೆಯಿಂದ ಮೇಲೆ ಕಗ್ಗತ್ತಲೆ.

"ಅಲ್ಲಯ್ಯ," ಅಂದ ಸುಬ್ಬಣ್ಣ, "ಹಾಲಾಹಲ ಕುಡಿದಾಗಲೂ ಅವನಿಗೆ ಕತ್ತಷ್ಟೇ ಕಪ್ಪಾಗಿದ್ದು. ನಿಂದು ಅದಕ್ಕಿಂತ ಜೋರು."

"ಇದು ಹಾರ್ಡ್ ಎಡ್ಜ್, ಕಪ್ಪು ತಟ್ಟನೆ ನಿಲ್ಲುತ್ತೆ. ನೀರೂ ಬಾನೂ ಗೆರೆ ಎಳೆದಂಗೆ ಸೇರೋ ಕಡೆಗೆ. ಮಧ್ಯೆ ಬೆಟ್ಟನೋ ಗೋಪುರನೋ ಎದ್ದು ನಿಂತ್ರೆ ಕಪ್ಪು ಮೆಲ್ಲಗೆ ತಿಳಿಯಾಗೋ ಸಾಫ್ಟ್ ಎಡ್ಜ್ ಬೇಕು."

"ಮುಳ್ಳಯ್ಯನಗಿರಿ ಬುಡದಲ್ಲಿ ಹುಟ್ಟಿ, ಬೆಟ್ಟ ಇಲ್ಲದ ಊರಿನ ಗಾಜು ತಂದಿದ್ದೀಯಲ್ಲೋ! ಇರಲಿ, ನನಗೂ ಒಂದು ದಿನ ಕೊಡು. ಮದುವೆ ಮನೇಲಿ ಅಡ್ಡ ಹಿಡೀತೀನಿ. ನೆಂಟರ ಮುಖ ಕತ್ತಲಾಗಿ ಎಲೆ ಮೇಲಿನ ಹೋಳಿಗೆ ಮಾತ್ರ ಕಂಡರೆ ಸಾಕು."

"ನಂಗೆ ಬ್ಯಾಂಕ್ ಪಾಸ್‌ಬುಕ್ಕಿಗೆ," ಅಂದರು ಗೌಡ್ರು. "ಹೋಗ್ತಾ ಕೊಟ್ಟಿಗೆಹಾರದಲ್ಲಿ ನೀರ್‌ದೋಸೆ ತಿಂದ್ಯಾ?"

"ಬೆಳಕು ತಪ್ಪಿಹೋಗುತ್ತೆ ಅಂತ ನಿಲ್ಲಿಸಲಿಲ್ಲ."

ಈ ಅಪರಾಧಕ್ಕೆ ಗೌಡ್ರಲ್ಲಿ ಕ್ಷಮೆ ಇರಲಿಲ್ಲ. ಕೊಟ್ಟಿಗೆಹಾರದ ದೋಸೆಯಿಂದ ಚಾರ್ಮಾಡಿ ರಸ್ತೆಗೆ, ಅಲ್ಲಿಂದ ಮೆಣಸಿನ ರೇಟಿಗೆ ಹೋಗಿ ಅವರು ವಾಪಸು ಬರುವಷ್ಟರಲ್ಲಿ ಎರಡನೇ ಕಾಫಿ ಬಂದಿತ್ತು.

ಸುಬ್ಬಣ್ಣ ಮುಂದಿನ ಫೋಟೋಗೆ ಬಂದಿದ್ದ. "ಇದೇನು, ಮಂಜಾ? ಮಂಜು ನೋಡೋಕೆ ಘಾಟಿ ಇಳೀಬೇಕಿತ್ತಾ?"

"ಅಲೆ ಅದು. ಸೂರ್ಯ ಮುಳುಗಿದ ಮೇಲೆ ತೆಗೆದದ್ದು. ಶಟರ್ ಆರು ಸೆಕೆಂಡ್ ತೆರೆದಿಟ್ಟಿದ್ದೆ. ಓಡಾಡೋದೆಲ್ಲ ಹೊಗೆ ಆಗುತ್ತೆ."

"ಇಲ್ಲಿ, ನೀರಿನ ಅಂಚಲ್ಲಿ, ಬೂದಿ ಬಣ್ಣದ್ದು?"

ಶೀನ ಗಾಜು ಒರೆಸತೊಡಗಿದ. ಉಪ್ಪಿನ ಹನಿ ಇನ್ನೂ ಇದ್ದವೋ ಏನೋ.

"ಅಮ್ಮ."

"ಅವರು ಸಮುದ್ರ ನೋಡಿದ್ದು ಇದೇ ಮೊದಲಲ್ವಾ?" ಅಂದರು ಗೌಡ್ರು.

"ಹೂಂ. ಸೀರೆ ಎತ್ತಿ ಹಿಡ್ಕೊಂಡು ಅಲೆ ಬಂದಂಗೆಲ್ಲ ಹಿಂದಕ್ಕೆ ಓಡ್ತಿದ್ರಂತೆ. ನನ್ನ ಹೆಂಡ್ತಿ ಹೇಳಿದ್ಲು. ನಾನು ಹಾರೈಜನ್ ನೇರ ಮಾಡ್ತಿದ್ದೆ."

ಸುಬ್ಬಣ್ಣನಿಗೆ ಮಾತು ಸಿಗದಿದ್ದುದನ್ನು ನಾವ್ಯಾರೂ ಅಷ್ಟಾಗಿ ನೋಡಿಲ್ಲ. ಸಕ್ಕರೆ ಹಾಕಿದ್ದ ಕಾಫಿಗೇ ಮತ್ತೆ ಸಕ್ಕರೆ ಹಾಕಿಕೊಂಡ.

"ಇನ್ನೊಂದ್ಸಲ ಕರ್ಕೊಂಡು ಹೋಗು ಮಾರಾಯ," ಅಂದ. "ಗಾಜು ಮನೇಲಿ ಬಿಟ್ಟು."

"ಹೋಗ್ತೀನಿ ಸುಬ್ಬಣ್ಣ. ಸಾಫ್ಟ್ ಎಡ್ಜ್ ಆರ್ಡರ್ ಮಾಡಿದ್ದೀನಿ. ಜೊತೆಗೆ ಒಂದು ಮಡಚೋ ಕುರ್ಚಿ. ಅಮ್ಮ ಅದರಲ್ಲಿ ಆರು ಸೆಕೆಂಡ್ ಅಲ್ಲಾಡದೆ ಕೂತ್ರೆ ಸಾಕು."